ಬರೀ ಕಾಡಲ್ಲ ಮಾರಾಯ್ತಿ ನಮ್ಮೂರು

ನಮ್ಮ ಸಾಗರ ಸೀಮೆಗೆ ಈಗ ಹೋಂಸ್ಟೇ ಜನ ತುಂಬಾ ಬರ್ತಾರೆ. ನಾನು ಅಲ್ಲೊಂದು ಕಡೆ ಅಡುಗೆಗೆ ಹೋಗ್ತೇನಲ್ಲ, ಬಂದವರ ಮಾತು ಕಿವಿಗೆ ಬೀಳ್ತಾ ಇರ್ತದೆ. ಒಳ್ಳೆ ಜನವೇ, ತಂಬುಳಿ ಎರಡೆರಡು ಸಲ ಹಾಕಿಸ್ಕೊಳ್ತಾರೆ. ಆದ್ರೆ "ಆಂಟಿ, ಮುಂಚೆ ಇಲ್ಲಿ ಬರೀ ಕಾಡಲ್ವಾ? ಹೊರಗಿನ ಪ್ರಪಂಚ ಗೊತ್ತಿತ್ತಾ?" ಅಂತ ಕೇಳದವರು ಕಮ್ಮಿ.

ಗೊತ್ತಿಲ್ದೆ ಎಂತ! 1499ರಿಂದ 1763ರ ತನಕ ಕೆಳದಿ ಅರಸರು ಆಳಿದ ಸೀಮೆ ಇದು. ನಮ್ಮ ಕಾಳುಮೆಣಸು ಘಟ್ಟ ಇಳಿದು ಹಡಗು ಹತ್ತಿ ಹೋಗ್ತಿತ್ತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಅನ್ನುವವನು ಪೋರ್ಚುಗೀಸ್ ರಾಯಭಾರಿ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕರ ಹತ್ರ ಬಂದಿದ್ದ. ದಾರೀಲಿ ದೇವಸ್ಥಾನದ ಜಗಲೀಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳ್ತಾ ಲೆಕ್ಕ ಕಲಿಯೋದನ್ನ ಕಂಡು ಬರೆದಿಟ್ಟಿದ್ದಾನೆ.

"ಹೆಂಗಸರು ಒಳಗೇ ಇರ್ತಿದ್ರೇನೋ" ಅಂತಲೂ ಕೇಳ್ತಾರೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದ್ರು. ಕೆಳದಿ ಚೆನ್ನಮ್ಮ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನೇ ಎದುರಿಸಿದವಳು.

ನಂಗೆ ಹೊಟ್ಟೆ ಉರಿಯೋದು ಇನ್ನೊಂದು ಮಾತಿಗೆ. ಶರಾವತಿ ಹಿನ್ನೀರಿನ ಮುಂದೆ ಫೋಟೋ ತೆಗ್ಸಿಕೊಂಡು, "ಎಷ್ಟು ಚಂದದ ಕೆರೆ, ಪ್ರಕೃತಿ ಹಾಗೇ ಉಳಿದಿದೆ" ಅಂತಾರೆ. ರಾತ್ರಿ ಕರೆಂಟ್ ಹೋದ್ರೆ, "ಹಳ್ಳಿ ಅಲ್ವಾ, ಪಾಪ" ಅಂತಾರೆ. ಅದು ಕೆರೆ ಅಲ್ಲ ಮಾರಾಯ್ರೆ, ಅದರಡಿ ಊರಿದೆ. ಮೊದಲು ಹಿರೇಭಾಸ್ಕರ ಅಣೆಕಟ್ಟು, 1948ಕ್ಕೆ ಜೋಗದಲ್ಲಿ ಕರೆಂಟ್. ಆಮೇಲೆ 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಹಳೇ ಅಣೆಕಟ್ಟೂ ಮುಳುಗ್ತು. ಗದ್ದೆ, ತೋಟ, ನಾಗರಬನ ಎಲ್ಲಾ ಬಿಟ್ಟು ಜನ ಲಾರಿ ಹತ್ತಿದ್ರು. ನಮ್ಮತ್ತೆಯ ತವರುಮನೆ ಅಲ್ಲೇ ಇತ್ತು. ಬೆಳಕು ದೂರದ ಪಟ್ಟಣಕ್ಕೆ ಹೋಯ್ತು, ಮುಳುಗಡೆಯ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಚಿಮಣಿ ಬುಡ್ಡಿಯೇ ಗತಿ. ತುಮರಿ ಕಡೆಯವರು 2025ರಲ್ಲಿ ಸೇತುವೆ ಆಗೋ ತನಕ ಹೆರಿಗೆಗೂ ಲಾಂಚ್ ಕಾಯ್ಬೇಕಿತ್ತು. ನಾವು ಮೊದಲಿಂದ ಮೂಲೇಲಿ ಇದ್ದವರಲ್ಲ, ನೀರು ಸುತ್ತುವರಿದು ಮೂಲೆ ಆದವರು.

ಬೈಯೋದು ಬೇಡ, ಬಂದವರಿಗೆ ಏನು ಗೊತ್ತು? ರೊಟ್ಟಿ ಬಡಿಸುವಾಗ ನಾನಂತೂ ಇಷ್ಟು ಹೇಳ್ತೇನೆ. ನೀವೂ ನಿಮ್ಮನೆಗೆ ಬಂದವರನ್ನ ಜೋಗ ತೋರಿಸಿ ಕಳಿಸ್ಬೇಡಿ, ಇಕ್ಕೇರಿ ಅಘೋರೇಶ್ವರಕ್ಕೂ ಕರ್ಕೊಂಡು ಹೋಗಿ. ಅತ್ತೆ, ಅಜ್ಜಿ ಇದ್ರೆ ಮುಳುಗಿದ ಊರಿನ ಹೆಸರು ಕೇಳಿ ಬರೆದಿಡಿ, ಈಗಲೇ.