ಜಿಂಕೆಯ ನೆಲ ಅಳೆಯುವ ಬಗೆ

2025ರ ಮಾರ್ಚ್ ಕೊನೆಗೆ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ತಾಗಿದ ಕುರುಚಲು ಕಾಡಿಗೆ ಜೆಸಿಬಿಗಳು ನುಗ್ಗಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಅಷ್ಟರಲ್ಲಿ ಅಲ್ಲಿನ ಚುಕ್ಕಿ ಜಿಂಕೆಗಳು ದೇಶಕ್ಕೆಲ್ಲ ಪರಿಚಿತವಾಗಿದ್ದವು. ವ್ಯಾಜ್ಯದ ನೆಲ 400 ಎಕರೆ, ಅಂದರೆ ಸುಮಾರು 1.6 ಚದರ ಕಿಲೋಮೀಟರ್. ಜಿಂಕೆಗಳ ಓಡಾಟಕ್ಕೆ ಅದು ಸಾಕೇ? ಇಂಥ ಪ್ರಶ್ನೆಗೆ ವಿಜ್ಞಾನಿಗಳು ಕೊಡುವ ಅಂಕಿಯಲ್ಲಿ ಜಿಂಕೆಯ ಪಾಲಿನಷ್ಟೇ ಲೆಕ್ಕ ಹಾಕಿದ ವಿಧಾನದ ಪಾಲೂ ಇರುತ್ತದೆ.

ಮೇವು, ಜೋಡಿ, ಮರಿಗಳ ಪೋಷಣೆಗಾಗಿ ಪ್ರಾಣಿ ದಿನನಿತ್ಯ ಸುತ್ತುವ ಜಾಗವೇ ಅದರ ವ್ಯಾಪ್ತಿ, ಎಂದಾದರೊಮ್ಮೆ ಆಚೆ ಹೋಗಿಬಂದದ್ದು ಲೆಕ್ಕಕ್ಕಿಲ್ಲ ಎಂದು ಅಮೆರಿಕದ ವಿಲಿಯಂ ಬರ್ಟ್ 1943ರಲ್ಲಿ ಹೇಳಿದ. 1947ರಲ್ಲಿ ಮೋರ್ ಎಂಬಾತ ಪ್ರಾಣಿ ಕಂಡ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಂಚಿನ ಬಿಂದುಗಳನ್ನು ಗೆರೆಯಿಂದ ಜೋಡಿಸಿ ಬಹುಭುಜ ಎಳೆಯುವ ದಾರಿ ತೋರಿಸಿದ. ಸುಲಭದ ದಾರಿ, ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನು ಗಚ್ಚಿಬೌಲಿಗೆ ತಂದರೆ, ಜಿಂಕೆ ಕಾಲಿಡದ ಐಟಿ ಕಟ್ಟಡ, ರಸ್ತೆಗಳೂ ಅದರ ಮನೆಯೊಳಗೆ ಸೇರಿಬಿಡಬಹುದು!

ಈ ಬಿಂದುಗಳು ಸಿಗುವುದಾದರೂ ಹೇಗೆ? 1960ರ ದಶಕದಲ್ಲಿ ಕಾನ್ಹಾ ಕಾಡಿನಲ್ಲಿ ಜಿಂಕೆಗಳ ಬೆನ್ನುಹತ್ತಿದ ವಿಜ್ಞಾನಿ ಜಾರ್ಜ್ ಶಾಲರ್ ನೆಚ್ಚಿಕೊಂಡದ್ದು ಕಣ್ಣು ಮತ್ತು ನೋಟ್‌ಬುಕ್ಕನ್ನು. 1963ರಲ್ಲಿ ಕೊಕ್ರನ್ ಮತ್ತು ಲಾರ್ಡ್ ರೇಡಿಯೋ ಟ್ರ್ಯಾಕಿಂಗ್ ವ್ಯವಸ್ಥೆಯನ್ನು ಪ್ರಕಟಿಸಿದ ಮೇಲೆ ಆಟವೇ ಬದಲಾಯಿತು. ಪ್ರಾಣಿಯ ಕತ್ತಿನ ಕಾಲರ್ ರೇಡಿಯೋ ಅಲೆ ಕಳಿಸುತ್ತದೆ, ನಿಮ್ಮ ರಿಸೀವರಿನಲ್ಲಿ ಅದು ಬೀಪ್ ಎಂದು ಕೇಳುತ್ತದೆ. ನೀವು ಆಂಟೆನಾ ಎತ್ತಿಹಿಡಿದು ಸದ್ದು ಜೋರಾಗುವ ದಿಕ್ಕನ್ನು ದಿಕ್ಸೂಚಿಯಲ್ಲಿ ಗುರುತಿಸುತ್ತೀರಿ, ಇನ್ನೊಂದು ಜಾಗಕ್ಕೆ ಓಡಿ ಮತ್ತೆ ಗುರುತಿಸುತ್ತೀರಿ. ಎರಡು ಗೆರೆ ಕೂಡುವಲ್ಲಿ ಪ್ರಾಣಿ. ಗಚ್ಚಿಬೌಲಿಯಂಥ ಹೆಬ್ಬಂಡೆಗಳ ನಾಡಿನಲ್ಲಿ ಅಲೆಗಳು ಕಲ್ಲಿಗೆ ಬಡಿದು ತಿರುಗುವುದರಿಂದ, ಜಿಂಕೆ ಇಲ್ಲದ ದಿಕ್ಕಿನಿಂದಲೂ ಬೀಪ್ ಕೇಳಬಹುದು.

ನಮ್ಮಲ್ಲಿ ಕಾಲರಿನ ಭಾಗ್ಯ ಹೆಚ್ಚಾಗಿ ಹುಲಿ, ಆನೆಗಳದು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ, ಚಿರತೆಗಳಿಗೆ ಕಾಲರ್ ತೊಡಿಸಿದರು. ಅವುಗಳ ಊಟವಾದ ಜಿಂಕೆಗಳನ್ನು ಮಾತ್ರ ಕಾಡಿನಲ್ಲಿ ಗೊತ್ತುಮಾಡಿದ ಗೆರೆಯುದ್ದಕ್ಕೂ ನಡೆದು ಎಣಿಸಿದರು. ಅತ್ತ ನೇಪಾಳದ ಬರ್ದಿಯಾದಲ್ಲಿ ಕಾಲರ್ ತೊಟ್ಟ ಚುಕ್ಕಿ ಜಿಂಕೆಗಳ ಅಧ್ಯಯನವನ್ನು ಮೋ ಮತ್ತು ವೆಗ್ಗೆ 1994ರಲ್ಲಿ ಪ್ರಕಟಿಸಿದರು. ಜಿಂಕೆಯ ಕಷ್ಟ ಬೇರೆಯೇ. ಹಿಡಿದ ಗಾಬರಿಗೇ ಸ್ನಾಯು ಕೆಟ್ಟು ಸಾಯುವಷ್ಟು ಸೂಕ್ಷ್ಮ ಜೀವ ಅದು. ಮದದ ಕಾಲಕ್ಕೆ ಗಂಡಿನ ಕತ್ತು ದಪ್ಪವಾಗುವುದರಿಂದ ಪಟ್ಟಿ ಹಿಗ್ಗುವಂತಿರಬೇಕು.

ಮುಂದೆ ಕಾಲರಿಗೆ ಜಿಪಿಎಸ್ ಬಂದಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಅದರ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಕೈಬಿಟ್ಟಾಗ ನಿಖರತೆ ಹೆಚ್ಚಿತು. ಬಿಂದುಗಳು ರಾಶಿಬಿದ್ದವು, ಹೊಸ ತೊಡಕೂ ಶುರುವಾಯಿತು. ವರ್ಟನ್ 1989ರಲ್ಲಿ ತಂದ ಕರ್ನಲ್ ವಿಧಾನ ಪ್ರಾಣಿ ಎಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಪ್ರತಿ ಬಿಂದುವೂ ಸ್ವತಂತ್ರ ಎಂದು ನಂಬುತ್ತದೆ. ಹತ್ತು ಗಂಟೆಗೆ ಕೆರೆಯ ಬಳಿಯಿದ್ದ ಜಿಂಕೆ ಹತ್ತೂಕಾಲಿಗೆ ಎಷ್ಟು ದೂರ ಹೋದೀತು? ಒಂದರ ಹಿಂದೊಂದು ಬರುವ ಬಿಂದುಗಳ ಈ ನಂಟನ್ನು ಮರೆತರೆ ವ್ಯಾಪ್ತಿ ಚಿಕ್ಕದಾಗಿ ಕಾಣುತ್ತದೆ. ಫ್ಲೆಮಿಂಗ್ ಮತ್ತು ಸಂಗಡಿಗರು 2015ರಲ್ಲಿ ಆ ನಂಟನ್ನು ಲೆಕ್ಕಕ್ಕೆ ತಂದರು. ಬಿಲ್ಡರು, ವಕೀಲರು, ಅಧಿಕಾರಿಗಳು ಕೈಗೆತ್ತಿಕೊಳ್ಳುವ ಅಂಕಿಗೆ ಈ ತಿದ್ದುಪಡಿ ಸಣ್ಣದಲ್ಲ.

ಆದರೂ ಕ್ಯಾಂಪಸ್ಸಿನ ಜಿಂಕೆಯ ಅಂಕಿ ಅದಕ್ಕೆ ಬೇಕಾದ ನೆಲವನ್ನು ಹೇಳುವುದಿಲ್ಲ, ಗೋಡೆ ಮತ್ತು ರಸ್ತೆ ಉಳಿಸಿದ ನೆಲವನ್ನಷ್ಟೇ ಹೇಳುತ್ತದೆ. ಕಾಲರ್ ತೊಡಿಸುವುದಾದರೆ ಬೇಸಿಗೆಯಲ್ಲಿ ನೀರು ಬತ್ತಿದಾಗಿನ ಓಡಾಟವನ್ನೂ ಹಿಡಿಯಬೇಕು. ಹಿಡಿಯುವ ಅಪಾಯವೇ ಬೇಡವೆಂದರೆ ಹಿಕ್ಕೆಯ ಡಿಎನ್‌ಎಯಿಂದ ಒಂದೊಂದು ಜಿಂಕೆಯನ್ನೂ ಗುರುತಿಸುವ ದಾರಿಯಿದೆ. ವನ್ಯಜೀವಿ ಡಿಎನ್‌ಎ ಓದುವ ಲಕೋನ್ಸ್ ಪ್ರಯೋಗಾಲಯ ಹೈದರಾಬಾದಿನದೇ ಅತ್ತಾಪುರದಲ್ಲಿದೆ.