ತಂತಿಯ ಆ ತುದಿಯಲ್ಲಿದ್ದ ಬ್ಯಾಟರಿ

ಮಳೆಗಾಲದ ರಾತ್ರಿ ಊರಿಗೆಲ್ಲ ಕರೆಂಟು ಹೋದರೂ ಲ್ಯಾಂಡ್‌ಲೈನಿನ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಈಗ ಕರೆಂಟು ಹೋದ ಕೂಡಲೇ ರೌಟರಿನ ದೀಪಗಳೂ ಆರುತ್ತವೆ. ಈ ವ್ಯತ್ಯಾಸದ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ: ಸಂದೇಶ ತರುವ ತಂತಿಯೇ ವಿದ್ಯುತ್ತನ್ನೂ ತರಬೇಕೇ?

ಆರಂಭದ ಟೆಲಿಫೋನುಗಳಿಗೆ ಬ್ಯಾಟರಿ ಮನೆಯಲ್ಲೇ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಎಕ್ಸ್‌ಚೇಂಜಿಗೆ ಸ್ಥಳಾಂತರಗೊಳ್ಳತೊಡಗಿತು. ಮುಂದೆ ರೂಢಿಗೆ ಬಂದ 48 ವೋಲ್ಟ್ ವಿದ್ಯುತ್ತು ಮಾತಿನ ಜೊತೆಗೇ ಒಂದು ಜೋಡಿ ತಾಮ್ರದ ತಂತಿಯಲ್ಲಿ ಮನೆಗೆ ಬರುತ್ತಿತ್ತು.

ಕಂಪ್ಯೂಟರ್ ಜಾಲದ ದಾರಿ ಬೇರೆಯಾಯಿತು. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ ರೂಪಿಸಲು ತೊಡಗಿದರು. ಅದರಿಂದ ಬೆಳೆದ ಮೊದಲ ಮಾನದಂಡದಲ್ಲಿ ಕೇಬಲ್ ಬೆರಳಿನಷ್ಟು ದಪ್ಪ. ಒಂದು ತುಂಡು ಹೆಚ್ಚೆಂದರೆ 500 ಮೀಟರ್. ಪ್ರತಿ 2.5 ಮೀಟರಿಗೆ ಒಂದು ಗುರುತು. ಹೊಸ ಯಂತ್ರ ಸೇರಿಸಲು ಆ ಗುರುತಿನಲ್ಲಿ ಕೇಬಲನ್ನು ಕೊರೆದು, ಒಳಗಿನ ತಾಮ್ರಕ್ಕೆ ಮುಳ್ಳು ತಾಗಿಸುತ್ತಿದ್ದರು. ‘ರಕ್ತಪಿಶಾಚಿ’ ಎಂದೇ ಅದಕ್ಕೆ ಅಡ್ಡಹೆಸರು. ಯಂತ್ರಕ್ಕೆ ವಿದ್ಯುತ್ತು ಮಾತ್ರ ಗೋಡೆಯ ಸಾಕೆಟ್ಟಿನಿಂದಲೇ. 1990ರಲ್ಲಿ ಹೆಣೆದ ಜೋಡಿ ತಂತಿಯ ಮಾನದಂಡ ಬಂದು ಕೊರೆಯುವ ಕೆಲಸ ತಪ್ಪಿತು. ಎರಡು ಕೇಬಲ್ ಚುಚ್ಚುವ ಕೆಲಸ ಉಳಿಯಿತು.

ಆದರೆ ಚಾವಣಿಯ ವೈಫೈ ಪೆಟ್ಟಿಗೆಗೆ, ಕಂಬದ ಕ್ಯಾಮೆರಾಕ್ಕೆ ಸಾಕೆಟ್ ಎಲ್ಲಿಂದ ತರುವುದು? 2003ರ ಹೊಸ ಮಾನದಂಡ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತು ಕಳಿಸಿತು. ಇದರಲ್ಲೊಂದು ಅಪಾಯವಿತ್ತು: ವಿದ್ಯುತ್ತನ್ನು ನಿರೀಕ್ಷಿಸದ ಹಳೆಯ ಯಂತ್ರ ಸಿಕ್ಕಿಸಿದರೆ ಸುಟ್ಟುಹೋಗಬಹುದು. ಅದಕ್ಕಾಗಿ ಸ್ವಿಚ್ ಮೊದಲು ಅತಿ ಕಡಿಮೆ ವೋಲ್ಟೇಜ್ ಹರಿಸಿ, ಆ ತುದಿಯಲ್ಲಿ ಸುಮಾರು 25 ಕಿಲೋಓಮ್ ರೋಧವಿದೆಯೇ ಎಂದು ನೋಡುತ್ತದೆ. ಇದ್ದರೆ ಮಾತ್ರ ಪೂರ್ಣ ವಿದ್ಯುತ್ತು. ಆಗ ಒಂದು ಪೋರ್ಟಿಗೆ 15.4 ವ್ಯಾಟ್ ಮಿತಿಯಿತ್ತು. 2018ರ ಮಾನದಂಡದಲ್ಲಿ ಅದು 90ಕ್ಕೇರಿತು. ಸ್ವಿಚ್ಚಿಗೊಂದು ಯುಪಿಎಸ್ ಇದ್ದರೆ ಕರೆಂಟು ಹೋದರೂ ಕಚೇರಿಯ ಫೋನುಗಳು ನಡೆಯುತ್ತವೆ. ಹಳೆಯ ಎಕ್ಸ್‌ಚೇಂಜಿನ ವ್ಯವಸ್ಥೆಯೇ ಹೀಗೆ ಕಚೇರಿಯೊಳಗೆ ಮರಳಿತು.

ಮನೆಗಳಲ್ಲಿ ಆದದ್ದು ತದ್ವಿರುದ್ಧ. ತಾಮ್ರದ ಜಾಗಕ್ಕೆ ಆಪ್ಟಿಕಲ್ ಫೈಬರ್ ಬಂತು. ಗಾಜಿನೆಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನಲ್ಲ. ವೇಗ ನೂರಾರು ಪಟ್ಟು ಹೆಚ್ಚಿತು, ನಿಜ. ಆದರೆ ಬಿರುಗಾಳಿಯ ರಾತ್ರಿ ಆಂಬುಲೆನ್ಸಿಗೆ ಕರೆಮಾಡಲು ಆ ತಂತಿಯೊಂದನ್ನೇ ನಂಬಿದ ಮನೆಗೆ ವೇಗಕ್ಕಿಂತ ಡಯಲ್ ಟೋನ್ ದೊಡ್ಡದು. ಎಕ್ಸ್‌ಚೇಂಜು ಹೊತ್ತಿದ್ದ ಹೊಣೆ ಸದ್ದಿಲ್ಲದೆ ನಮ್ಮ ಮೇಲೆ ಬಿದ್ದಿದೆ. ರೌಟರಿನ ಪಕ್ಕದಲ್ಲಿ ನಾವು ಇಟ್ಟುಕೊಳ್ಳುವ ಪುಟ್ಟ ಯುಪಿಎಸ್, ಮೊದಲ ಟೆಲಿಫೋನಿನ ಜೊತೆಗಿದ್ದ ಆ ಬ್ಯಾಟರಿಯೇ.