ಮತ ಹಾಕೆಂದ ಗೋಡೆಗಳು

ಸೋವಿಯತ್ ಕಾಲದ ಚುನಾವಣೆಗಳಲ್ಲಿ ಕಣದಲ್ಲಿರುತ್ತಿದ್ದುದು ಒಬ್ಬನೇ ಹುರಿಯಾಳು. ಆದರೂ 'ಎಲ್ಲರೂ ಚುನಾವಣೆಗೆ!' ಎಂಬ ಭಿತ್ತಿಪತ್ರಗಳು ಬೀದಿಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತಿದ್ದವು. ಗೆಲುವು ಮೊದಲೇ ಗೊತ್ತಿದ್ದರಿಂದ ಸರ್ಕಾರಕ್ಕೆ ಬೇಕಿದ್ದುದು ಹಾಜರಾತಿ ಮಾತ್ರ. ಅಂಗಡಿಗಳಲ್ಲಿ ಸಿಗದ ತಿನಿಸುಗಳನ್ನು ಅಂದು ಮತಗಟ್ಟೆಯಲ್ಲಿ ಮಾರುತ್ತಿದ್ದರು. ಅದಕ್ಕೆಂದೇ ಹೋಗುವವರೂ ಇದ್ದರು!

ಈ ಕರೆಗೆ ನಿಜವಾದ ಅರ್ಥ ಬಂದದ್ದು 1996ರಲ್ಲಿ. ಬೆಲೆ ಏರಿಕೆ, ಬಾಕಿ ಸಂಬಳ, ಚೆಚನ್ಯಾದ ಯುದ್ಧಗಳಿಂದ ರೋಸಿದ್ದ ಜನರಲ್ಲಿ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಅವರಿಗೆ ವರ್ಷದ ಆರಂಭದಲ್ಲಿ ಶೇಕಡಾ ಹತ್ತರಷ್ಟು ಬೆಂಬಲವೂ ಇರಲಿಲ್ಲ. ಎದುರಾಳಿ, ಕಮ್ಯುನಿಸ್ಟ್ ನಾಯಕ ಗೆನ್ನಾದಿ ಜ್ಯುಗಾನೋವ್. ಅವರಿಗೆ ಒಲಿದ ವೃದ್ಧರು ಮಳೆಯಿರಲಿ ಬಿಸಿಲಿರಲಿ ಮತಗಟ್ಟೆಗೆ ಬರುವವರು. ಯೆಲ್ಟ್ಸಿನ್‌ಗೆ ಒಲಿಯಬಹುದಾದ ಯುವಕರಿಗೆ ಚುನಾವಣೆಯೇ ಬೇಸರ. ಹಾಗಾಗಿ ಅಮೆರಿಕದ ಸಂಗೀತ ವಾಹಿನಿಯೊಂದು 1992ರಲ್ಲಿ ನಡೆಸಿದ ಆಂದೋಲನದ ಮಾದರಿಯಲ್ಲಿ 'ಮತ ಹಾಕು, ಇಲ್ಲವೇ ಸೋಲು' ಎಂಬ ಘೋಷಣೆ ಹುಟ್ಟಿತು. ರಾಕ್ ಸಂಗೀತ ಕಛೇರಿಗಳೂ ನಡೆದವು. ಯಾರಿಗೆ ಮತ ಎಂದು ಘೋಷಣೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಇನ್ನು ಕೆಲವು ಕಾಗದಗಳು ಇಷ್ಟು ಸೌಮ್ಯವಾಗಿರಲಿಲ್ಲ. ಜ್ಯುಗಾನೋವ್ ಚಿತ್ರದೊಡನೆ 'ಕೊನೆಯ ಸಲ ಆಹಾರ ಕೊಂಡುಕೋ' ಎಂದು ಹೆದರಿಸುವ ಭಿತ್ತಿಪತ್ರ ಬಂತು. ದಿನಸಿಗೆ ಗಂಟೆಗಟ್ಟಲೆ ಸಾಲು ನಿಂತ ನೆನಪು ಇನ್ನೂ ಹಸಿಯಾಗಿದ್ದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೆ?

ಜೂನ್ 16ರ ಮೊದಲ ಸುತ್ತಿನಲ್ಲಿ ಇಬ್ಬರ ನಡುವೆ ಶೇಕಡಾ ಮೂರರಷ್ಟೇ ಅಂತರ. ಬೇಸಿಗೆಯ ರಜಾದಿನ ಬಂದರೆ ನಗರದವರು ಹಳ್ಳಿಯ ತೋಟದ ಮನೆಗಳಿಗೆ ಹೊರಟುಬಿಡುತ್ತಾರೆ. ಆದ್ದರಿಂದ ಎರಡನೆಯ ಸುತ್ತನ್ನು ಜುಲೈ 3ರ ಬುಧವಾರಕ್ಕಿಟ್ಟು, ಆ ದಿನವನ್ನೇ ರಜೆ ಮಾಡಿದರು. ಯೆಲ್ಟ್ಸಿನ್ ಶೇಕಡಾ 53.8ರಷ್ಟು ಮತ ಪಡೆದು ಗೆದ್ದರು. 'ಎಲ್ಲರ ವಿರುದ್ಧ' ಎಂಬ ಅಂಕಣಕ್ಕೆ ಗುರುತು ಹಾಕಿದವರು ಸುಮಾರು 36 ಲಕ್ಷ.

ಆ ಅಂಕಣವನ್ನು 2006ರಲ್ಲಿ ತೆಗೆದುಹಾಕಲಾಯಿತು. ಚುನಾವಣೆ ಊರ್ಜಿತವಾಗಲು ಇಂತಿಷ್ಟು ಮಂದಿ ಮತ ಹಾಕಲೇಬೇಕೆಂಬ ನಿಯಮವೂ ಅದೇ ವರ್ಷ ಹೋಯಿತು. ಹೀಗೆ ಮತ ಹಾಕದಿರುವುದಕ್ಕೆ ಕಾನೂನಿನ ಬಲ ಉಳಿಯಲಿಲ್ಲ. ಆದರೂ 2018ರಲ್ಲಿ ಸ್ಪರ್ಧೆಗೆ ಅವಕಾಶ ಸಿಗದ ಅಲೆಕ್ಸಿ ನವಾಲ್ನಿ 'ಮತದಾರರ ಮುಷ್ಕರ'ಕ್ಕೆ ಕರೆ ಕೊಟ್ಟರು. ಸರ್ಕಾರವೋ, ಮತಗಟ್ಟೆಗೆ ಬನ್ನಿ ಎಂದು ಭಾರೀ ಪ್ರಚಾರ ನಡೆಸಿತು. ಮಾರ್ಚ್ 18ರಂದು ಮತ ಹಾಕಿದವರು ಶೇಕಡಾ 67.5 ಎಂದು ಚುನಾವಣಾ ಆಯೋಗ ಪ್ರಕಟಿಸಿತು.